ಓವನ್ ಆಚೆ ಗೋಡೆಗೆ ಹೋದರೆ ವೈರು ಯಾಕೆ ಬದಲಾಗಬೇಕು? ಉತ್ತರ ಜೇಮ್ಸ್ ಜೂಲ್ ಬದುಕಿನಲ್ಲಿದೆ

ಅಡುಗೆಮನೆ ಹೊಸದು ಮಾಡಿಸುವಾಗ ಮನೆಯವರೆಲ್ಲರ ಗಮನ ಗ್ರಾನೈಟ್ ಕಟ್ಟೆ, ಟೈಲ್ಸ್ ಬಣ್ಣ, ಸಿಂಕ್ ಯಾವ ಕಡೆ ಬರಬೇಕು ಅನ್ನುವುದರ ಮೇಲೆಯೇ ಇರುತ್ತದೆ. ಓವನ್ ಈ ಮೂಲೆಯಿಂದ ಆ ಮೂಲೆಗೆ ಹೋಗುವ ವಿಷಯ ನೆನಪಾಗುವುದು ಕೊನೆಯ ದಿನ. ಅಷ್ಟರಲ್ಲಿ ಗೌಂಡಿ ಗಿಲಾವು ಮುಗಿಸಲು ಕಾಯುತ್ತಿರುತ್ತಾನೆ. ಹಳೆಯ ಪಾಯಿಂಟಿನ ವೈರಿಗೆ ಇನ್ನೊಂದು ವೈರು ತಿರುಚಿ, ಟೇಪು ಸುತ್ತಿ, ಮೇಲೆ ಸಿಮೆಂಟು ಮೆತ್ತಿದರೆ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ.

ಬೈಲಹೊಂಗಲ, ಸವದತ್ತಿ ಸೀಮೆಯ ಮುರಗೋಡದಂಥ ಊರುಗಳಲ್ಲಿ ಈಗ ಇಂಥ ಕೆಲಸ ಹೆಚ್ಚುತ್ತಿದೆ. ಮೇಲ್ಮುದ್ದೆಯ ಹಳೆಯ ಮನೆ ಹಾಗೆಯೇ ಇರುತ್ತದೆ, ಅಡುಗೆಮನೆ ಮಾತ್ರ ಹೊಸದಾಗುತ್ತದೆ. ಎರಡು ಬಲ್ಬು, ಒಂದು ಫ್ಯಾನು, ಒಂದು ಮಿಕ್ಸರ್‌ಗೆಂದು ಎಳೆದಿದ್ದ ವೈರಿನ ಮೇಲೆ ಓವನ್, ಇಂಡಕ್ಷನ್ ಒಲೆ, ಗೀಸರ್ ಎಲ್ಲವೂ ಬಂದು ಕೂರುತ್ತವೆ.

ಇಷ್ಟು ವರ್ಷ ಏನೂ ಆಗಿಲ್ಲ, ಇನ್ನು ಮುಂದೆಯೂ ಏನೂ ಆಗುವುದಿಲ್ಲ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅದು ಯಾಕೆ ತಪ್ಪು ಎಂಬುದನ್ನು 1840ರಲ್ಲೇ ಒಬ್ಬ ಯುವಕ ನೀರಿನ ಜಾಡಿ ಮತ್ತು ಥರ್ಮಾಮೀಟರ್ ಇಟ್ಟುಕೊಂಡು ಅಳೆದು ತೋರಿಸಿದ್ದ. ಆತನ ಹೆಸರು ಜೇಮ್ಸ್ ಪ್ರೆಸ್ಕಾಟ್ ಜೂಲ್. ಶಾಲೆಯಲ್ಲಿ ಶಕ್ತಿಯ ಮಾನ ಜೂಲ್ ಎಂದು ಬಾಯಿಪಾಠ ಮಾಡಿದ್ದೇವಲ್ಲ, ಆ ಜೂಲ್. ಇಂದು ನಾವು ಅವರ ಬದುಕಿನ ಕಥೆ ಹೇಳುತ್ತೇವೆ. ಜೊತೆಗೆ ನಿಮ್ಮ ಅಡುಗೆಮನೆಯ ಲೆಕ್ಕವನ್ನೂ ಮಾಡೋಣ.

ಬಿಯರ್ ಕಾರ್ಖಾನೆಯ ಮನೆಯ ಹುಡುಗ

ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫೋರ್ಡ್‌ನಲ್ಲಿ. ತಂದೆ ಬೆಂಜಮಿನ್ ಜೂಲ್ ಬಿಯರ್ ತಯಾರಿಸುವ ದೊಡ್ಡ ಕಾರ್ಖಾನೆಯ ಮಾಲೀಕರು. ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮಗನ ಆರೋಗ್ಯದಲ್ಲಿ. ಬೆನ್ನುಮೂಳೆಯ ತೊಂದರೆಯಿಂದ ಬಳಲುತ್ತಿದ್ದ ಆ ನಾಚಿಕೆಯ ಹುಡುಗ ಬಾಲ್ಯದ ಪಾಠಗಳನ್ನೆಲ್ಲ ಮನೆಯಲ್ಲೇ ಕಲಿತ.

1834ರಲ್ಲಿ ತಂದೆ ಇಬ್ಬರು ಗಂಡುಮಕ್ಕಳನ್ನು ಒಬ್ಬ ವಯಸ್ಸಾದ ಮೇಷ್ಟ್ರ ಬಳಿ ಪಾಠಕ್ಕೆ ಕಳಿಸಿದರು. ಆ ಮೇಷ್ಟ್ರು ಜಾನ್ ಡಾಲ್ಟನ್. ನಮ್ಮ ಹೈಸ್ಕೂಲ್ ವಿಜ್ಞಾನ ಪುಸ್ತಕದಲ್ಲಿ ಪರಮಾಣು ಸಿದ್ಧಾಂತದ ಪಾಠದಲ್ಲಿ ಬರುವ ಡಾಲ್ಟನ್ ಇವರೇ. ಸುಮಾರು ಎರಡು ವರ್ಷ ಲೆಕ್ಕ, ರೇಖಾಗಣಿತ ಕಲಿಸಿದ ಡಾಲ್ಟನ್‌ಗೆ ಪಾರ್ಶ್ವವಾಯು ಬಡಿದು ಪಾಠ ನಿಂತಿತು. ಆದರೆ ಏನನ್ನೇ ಆಗಲಿ ಅಳೆದು ನೋಡಬೇಕು ಅನ್ನುವ ಹಟ ಶಿಷ್ಯನಲ್ಲಿ ಬೇರೂರಿತ್ತು.

ಆ ಕಾಲಕ್ಕೆ ವಿದ್ಯುತ್ ಅಂದರೆ ಹೊಸ ಆಟಿಕೆ. ಜೂಲ್ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಶಾಕ್ ಕೊಟ್ಟುಕೊಳ್ಳುತ್ತಿದ್ದರು, ಮನೆಯ ಆಳುಗಳಿಗೂ ಕೊಡುತ್ತಿದ್ದರು. ಇವತ್ತು ಯಾರೂ ಮಾಡಬಾರದ ಆಟ ಅದು. ಆಗಿನ ಬ್ಯಾಟರಿಗಳ ಬಲ ಕಡಿಮೆ ಇತ್ತು. ನಮ್ಮ ಮನೆಯ ಗೋಡೆಯಲ್ಲಿ ಹರಿಯುವುದು 230 ವೋಲ್ಟ್, ಅದು ಎರಡನೇ ಅವಕಾಶ ಕೊಡುವ ವಿದ್ಯುತ್ ಅಲ್ಲ.

ಜೂಲ್ ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಬದುಕಿಡೀ ಯಾವ ವಿಶ್ವವಿದ್ಯಾಲಯದಲ್ಲೂ ಹುದ್ದೆ ಹಿಡಿಯಲಿಲ್ಲ. ಕಾರ್ಖಾನೆಯ ವ್ಯವಹಾರ ನೋಡಿಕೊಳ್ಳುತ್ತ, ಉಳಿದ ಹೊತ್ತಿನಲ್ಲಿ ಪ್ರಯೋಗ ಮಾಡುತ್ತಿದ್ದರು. ಬಿಯರ್ ಚೆನ್ನಾಗಿ ಬರಬೇಕಾದರೆ ಹುದುಗುವ ಹಂಡೆಯ ಉಷ್ಣತೆ ಸರಿಯಾಗಿರಬೇಕು, ಸ್ವಲ್ಪ ಏರುಪೇರಾದರೂ ಇಡೀ ಹಂಡೆ ಹಾಳು. ಥರ್ಮಾಮೀಟರನ್ನು ಅಷ್ಟು ನಂಬುವ ಮನೆತನದಲ್ಲಿ ಬೆಳೆದದ್ದು ಮುಂದೆ ಅವರ ದೊಡ್ಡ ಆಸ್ತಿಯಾಯಿತು.

ಉಗಿಯಂತ್ರ ಬೇಡ, ಮೋಟಾರು ಹಾಕೋಣವೇ?

ಜೂಲ್‌ರ ಮೊದಲ ಪ್ರಶ್ನೆ ಪೂರಾ ವ್ಯಾಪಾರದ್ದು. ಕಾರ್ಖಾನೆಯಲ್ಲಿ ಕಲ್ಲಿದ್ದಲು ಸುಟ್ಟು ಉಗಿಯಂತ್ರ ಓಡಿಸುವ ಬದಲು, ಆಗಷ್ಟೇ ಬಂದಿದ್ದ ವಿದ್ಯುತ್ ಮೋಟಾರು ಹಾಕಿದರೆ ಖರ್ಚು ಉಳಿಯುತ್ತದೆಯೇ? ಆಗ ವಿದ್ಯುತ್ ಬರುತ್ತಿದ್ದದ್ದು ಬ್ಯಾಟರಿಯಿಂದ. ಅದರೊಳಗಿನ ಸತು ಕರಗಿ ಸವೆದಷ್ಟೂ ಕರೆಂಟು. ಹಾಗಾಗಿ ಒಂದು ಪೌಂಡ್ ಸತುವಿನಿಂದ ಎಷ್ಟು ಕೆಲಸ, ಒಂದು ಪೌಂಡ್ ಕಲ್ಲಿದ್ದಲಿನಿಂದ ಎಷ್ಟು ಕೆಲಸ ಎಂದು ತಾಳೆ ಹಾಕಿದರು. ಕಲ್ಲಿದ್ದಲೇ ಗೆದ್ದಿತು.

ಬೇರೆಯವರಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಜೂಲ್ ಇನ್ನೊಂದು ಸಂಗತಿ ಗಮನಿಸಿದರು. ಮೋಟಾರು ಓಡುವಾಗ ವೈರು ಬಿಸಿಯಾಗುತ್ತಿತ್ತು. ಬ್ಯಾಟರಿ ಕೊಟ್ಟ ಶಕ್ತಿಯ ಒಂದು ಪಾಲು ಕೆಲಸಕ್ಕೆ ಬಾರದೆ ಶಾಖವಾಗಿ ಹೋಗುತ್ತಿತ್ತು. ಹಾಗಾದರೆ ಎಷ್ಟು ಹೋಗುತ್ತದೆ? ಯಾವ ಲೆಕ್ಕದಲ್ಲಿ ಹೋಗುತ್ತದೆ?

ನೀರಿನ ಜಾಡಿಯಲ್ಲಿ ಒಂದು ವೈರು

1840ರಲ್ಲಿ, ಇಪ್ಪತ್ತೆರಡು ತುಂಬುವ ಮುನ್ನವೇ, ಜೂಲ್ ಆ ಪ್ರಯೋಗಕ್ಕೆ ಕೈ ಹಾಕಿದರು. ವೈರನ್ನು ಸುರುಳಿ ಸುತ್ತಿ ನೀರಿನ ಜಾಡಿಯಲ್ಲಿ ಇಳಿಬಿಟ್ಟರು. ಅದರ ಮೂಲಕ ಕರೆಂಟು ಹರಿಸಿದರು. ಒಂದು ಕಡೆ ಕರೆಂಟು ಅಳೆಯುವ ಸಾಧನ, ಇನ್ನೊಂದು ಕಡೆ ನೀರಿನ ಬಿಸಿ ಅಳೆಯುವ ಥರ್ಮಾಮೀಟರ್, ಜೊತೆಗೆ ಒಂದು ಗಡಿಯಾರ. ಇಷ್ಟೇ ಸಾಮಾನು.

ಬೇರೆ ಬೇರೆ ದಪ್ಪದ ವೈರು ಹಾಕಿ, ಕರೆಂಟು ಏರಿಸಿ ಇಳಿಸಿ ನೋಡಿದಾಗ ಎರಡು ಸಂಗತಿ ಸ್ಪಷ್ಟವಾದವು. ಒಂದು, ವೈರಿನ ತಡೆ ಎರಡು ಪಟ್ಟಾದರೆ ಶಾಖವೂ ಎರಡು ಪಟ್ಟು. ಇದನ್ನು ಯಾರಾದರೂ ಊಹಿಸಬಹುದಿತ್ತು. ಎರಡನೆಯದು ಅಚ್ಚರಿಯದು. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಕರೆಂಟು ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು. ಅಂದರೆ ಶಾಖ ಹೆಚ್ಚುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ.

ಇದೇ ಜೂಲ್ ನಿಯಮ. ರಷ್ಯಾದಲ್ಲಿದ್ದ ಹೈನ್ರಿಕ್ ಲೆಂಜ್ ಕೂಡ ಸ್ವತಂತ್ರವಾಗಿ 1842ರಲ್ಲಿ ಇದೇ ಲೆಕ್ಕಕ್ಕೆ ಬಂದು ಮುಟ್ಟಿದರು. ಹಾಗಾಗಿ ಕೆಲವು ದೇಶಗಳಲ್ಲಿ ಇದಕ್ಕೆ ಇಬ್ಬರ ಹೆಸರೂ ಇದೆ.

ಓವನ್ನಿನ ಕಾಯಿಲ್ ಕೆಂಪಗಾಗುವುದು, ಇಸ್ತ್ರಿಪೆಟ್ಟಿಗೆ ಬಿಸಿಯಾಗುವುದು, ಗೀಸರಿನಲ್ಲಿ ನೀರು ಕಾಯುವುದು ಎಲ್ಲ ಈ ನಿಯಮದಿಂದಲೇ. ಹಾಗೆಯೇ ಗೋಡೆಯೊಳಗಿನ ವೈರು ಬಿಸಿಯಾಗುವುದೂ ಇದೇ ನಿಯಮದಿಂದ. ಬಿಸಿ ಆಗಬೇಕಾದ ಕಡೆ ಆದರೆ ರೊಟ್ಟಿ, ಆಗಬಾರದ ಕಡೆ ಆದರೆ ಬೆಂಕಿ.

ಅದೇ ಲೆಕ್ಕ ನಿಮ್ಮ ಅಡುಗೆಮನೆಯಲ್ಲಿ

ಈಗ ಜೂಲ್ ಅವರನ್ನು ಸ್ವಲ್ಪ ಹೊತ್ತು ಮ್ಯಾಂಚೆಸ್ಟರಿನಲ್ಲಿ ಬಿಟ್ಟು, ಮೊಬೈಲಿನ ಕ್ಯಾಲ್ಕುಲೇಟರ್ ತೆರೆಯಿರಿ.

ಒಂದು ಉಪಕರಣ ಎಷ್ಟು ಕರೆಂಟು ಎಳೆಯುತ್ತದೆ ಎಂದು ತಿಳಿಯಲು ಅದರ ವ್ಯಾಟನ್ನು 230ರಿಂದ ಭಾಗಿಸಿದರೆ ಸಾಕು. 500 ವ್ಯಾಟಿನ ಮಿಕ್ಸರ್ ಎಳೆಯುವುದು ಸುಮಾರು 2.2 ಆಂಪಿಯರ್. 2,000 ವ್ಯಾಟಿನ ಓಟಿಜಿ ಓವನ್ ಸುಮಾರು 8.7 ಆಂಪಿಯರ್. ಕಪಾಟಿನೊಳಗೆ ಕೂರಿಸುವ 3,000 ವ್ಯಾಟಿನ ಓವನ್ ಸುಮಾರು 13 ಆಂಪಿಯರ್.

ಮೈಕ್ರೋವೇವ್ ಓವನ್ ಇದ್ದವರು ಒಂದು ವಿಷಯ ಗಮನಿಸಿ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ವ್ಯಾಟ್ ಸಾಮಾನ್ಯವಾಗಿ ಆಹಾರಕ್ಕೆ ಸಿಗುವ ಶಕ್ತಿಯದು. ಗೋಡೆಯಿಂದ ಎಳೆಯುವುದು ಅದಕ್ಕಿಂತ ಹೆಚ್ಚು. ಸರಿಯಾದ ಅಂಕಿ ಓವನ್ನಿನ ಹಿಂಭಾಗದ ಪಟ್ಟಿಯಲ್ಲಿರುತ್ತದೆ.

ಈಗ ಓವನ್ 10 ಮೀಟರ್ ಆಚೆಗೆ ಹೋಯಿತು ಅಂದುಕೊಳ್ಳಿ. ಕರೆಂಟು ಹೋಗಿ ಮರಳಿ ಬರಬೇಕು, ಹಾಗಾಗಿ ವೈರಿನ ದಾರಿ 20 ಮೀಟರ್. 13 ಆಂಪಿಯರ್ ಹರಿದಾಗ ತಾಮ್ರದ ವೈರಿನಲ್ಲೇ ಶಾಖವಾಗುವ ಶಕ್ತಿ ಹೀಗಿದೆ:

1 ಚದರ ಮಿಲಿಮೀಟರ್ ವೈರು: ಸುಮಾರು 61 ವ್ಯಾಟ್
2.5 ಚದರ ಮಿಲಿಮೀಟರ್ ವೈರು: ಸುಮಾರು 25 ವ್ಯಾಟ್
4 ಚದರ ಮಿಲಿಮೀಟರ್ ವೈರು: ಸುಮಾರು 16 ವ್ಯಾಟ್

ಲೈಟಿನ ಸರ್ಕ್ಯೂಟಿಗೆ ಹಾಕುವ ಸಣ್ಣ ವೈರು ಓವನ್ನಿಗೆ ಯಾಕೆ ಸಾಲದು ಎಂಬುದು ಇಲ್ಲಿ ಕಾಣುತ್ತದೆ. ಗೋಡೆಯೊಳಗಿನ ಪೈಪಿನಲ್ಲಿ ಗಾಳಿ ಆಡುವುದಿಲ್ಲ. ದಿನವೂ ಬಿಸಿಯಾಗುವ ವೈರಿನ ಮೇಲಿನ ಪಿವಿಸಿ ಹೊದಿಕೆ ನಿಧಾನಕ್ಕೆ ಗಡುಸಾಗಿ, ಬಿರುಕು ಬಿಡುತ್ತದೆ.

ಆದರೆ ಇದಕ್ಕಿಂತ ದೊಡ್ಡ ಅಪಾಯ ಸಡಿಲ ಜಾಯಿಂಟಿನಲ್ಲಿದೆ. ತಿರುಚಿ ಟೇಪು ಸುತ್ತಿದ ಒಂದು ಜಾಯಿಂಟಿನಲ್ಲಿ ಬರೀ 0.2 ಓಮ್ ತಡೆ ಇದೆ ಅಂದುಕೊಳ್ಳಿ. ಮಿಕ್ಸರ್ ಓಡುವಾಗ ಅಲ್ಲಿ ಹುಟ್ಟುವ ಶಾಖ ಸುಮಾರು 1 ವ್ಯಾಟ್, ಯಾರಿಗೂ ಗೊತ್ತಾಗುವುದಿಲ್ಲ. ಅದೇ ಜಾಯಿಂಟಿನ ಮೂಲಕ 13 ಆಂಪಿಯರ್ ಹರಿದರೆ ಸುಮಾರು 34 ವ್ಯಾಟ್. ರೇಡಿಯೋ ರಿಪೇರಿ ಮಾಡುವವರ ಸಣ್ಣ ಬೆಸುಗೆ ಕಡ್ಡಿ ಸೀಸ ಕರಗಿಸುವುದು 25 ವ್ಯಾಟಿನಲ್ಲಿ. ಅಂದರೆ ಉರಿಯುವ ಬೆಸುಗೆ ಕಡ್ಡಿಗಿಂತ ಹೆಚ್ಚಿನ ಶಾಖ, ಬೆರಳ ತುದಿಯಷ್ಟು ಜಾಗದಲ್ಲಿ, ಟೇಪಿನ ಒಳಗೆ, ಗಿಲಾವಿನ ಹಿಂದೆ.

ಕರೆಂಟು ಆರು ಪಟ್ಟಾಯಿತು, ಶಾಖ ಮೂವತ್ತಾರು ಪಟ್ಟಾಯಿತು. ಇಷ್ಟು ವರ್ಷ ಏನೂ ಆಗಿಲ್ಲ ಅನ್ನುವ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಷ್ಟು ವರ್ಷ ಅಲ್ಲಿ ಓವನ್ ಇರಲಿಲ್ಲ.

ಯಾರೂ ಕಿವಿಗೊಡದ ವರ್ಷಗಳು

ಇಷ್ಟು ದೊಡ್ಡ ವಿಷಯ ಹೇಳಿದ ಹುಡುಗನಿಗೆ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೇ. 1840ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ ಲೇಖನದ ಸಣ್ಣ ಸಾರಾಂಶವನ್ನಷ್ಟೇ ಅವರು ಅಚ್ಚು ಹಾಕಿದರು. ಪೂರ್ತಿ ಲೇಖನ 1841ರಲ್ಲಿ ಬೇರೆ ಪತ್ರಿಕೆಯಲ್ಲಿ ಬಂತು. 1844ರಲ್ಲಿ ಕಳಿಸಿದ ಇನ್ನೊಂದು ಲೇಖನವನ್ನು ಸೊಸೈಟಿ ತಿರಸ್ಕರಿಸಿತು.

ಅದಕ್ಕೆ ಕಾರಣವೂ ಇತ್ತು. ಶಾಖ ಎಂಬುದು ಕಣ್ಣಿಗೆ ಕಾಣದ ಒಂದು ದ್ರವ, ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುತ್ತದೆ, ಅದನ್ನು ಹೊಸದಾಗಿ ಹುಟ್ಟಿಸಲಾಗದು ಎಂದು ಆ ಕಾಲದ ಅನೇಕ ವಿದ್ವಾಂಸರು ನಂಬಿದ್ದರು. ಜೂಲ್ ಹೇಳುತ್ತಿದ್ದದ್ದೇ ಬೇರೆ. ಕೆಲಸ ಶಾಖವಾಗುತ್ತದೆ, ಇಷ್ಟು ಕೆಲಸಕ್ಕೆ ಇಷ್ಟೇ ಶಾಖ, ಅದರ ದರ ಎಲ್ಲಿಯೂ ಬದಲಾಗುವುದಿಲ್ಲ. 1843ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ವಿಜ್ಞಾನ ಸಭೆಯಲ್ಲಿ ಇದನ್ನು ಓದಿ ಹೇಳಿದಾಗ ಸಭಿಕರು ಸುಮ್ಮನೆ ಕೂತಿದ್ದರು. ಕಾಲೇಜು ಓದದ ಬಿಯರ್ ತಯಾರಕನ ಮಾತನ್ನು ಯಾರು ತಲೆಗೆ ಹಾಕಿಕೊಳ್ಳುತ್ತಾರೆ?

ಜೂಲ್ ಜಗಳಕ್ಕೆ ಹೋಗಲಿಲ್ಲ, ಮತ್ತೆ ಅಳೆದರು. ನೀರು ತುಂಬಿದ ಪಾತ್ರೆಯೊಳಗೆ ಮಜ್ಜಿಗೆ ಕಡೆಯುವ ಕಡಗೋಲಿನಂಥ ರೆಕ್ಕೆಚಕ್ರ ಇಟ್ಟು, ದಾರಕ್ಕೆ ಕಟ್ಟಿದ ಭಾರಗಳು ಕೆಳಗಿಳಿಯುವಾಗ ಅದು ತಿರುಗುವಂತೆ ಮಾಡಿದರು. ಭಾರ ಇಳಿದಷ್ಟೂ ನೀರು ಕಡೆದು ಬಿಸಿಯಾಗಬೇಕು. ಭಾರಗಳನ್ನು ಮೇಲಕ್ಕೆಳೆದು 20 ಬಾರಿ ಇಳಿಬಿಟ್ಟರೂ ನೀರಿನ ಉಷ್ಣತೆ ಏರುತ್ತಿದ್ದದ್ದು ಅರ್ಧ ಡಿಗ್ರಿ ಫ್ಯಾರನ್‌ಹೀಟಿಗಿಂತ ತುಸು ಹೆಚ್ಚು, ಅಷ್ಟೇ. ಇಷ್ಟು ಸಣ್ಣ ಏರಿಕೆಯನ್ನು ಅಳೆಯಬಹುದೆಂದು ಬಹಳ ಜನ ನಂಬಲೇ ಇಲ್ಲ. ಮ್ಯಾಂಚೆಸ್ಟರಿನ ಜಾನ್ ಡ್ಯಾನ್ಸರ್ ತಯಾರಿಸಿದ ಸೂಕ್ಷ್ಮ ಥರ್ಮಾಮೀಟರು ಮತ್ತು ಕಾರ್ಖಾನೆಯ ಹಂಡೆಗಳ ಮೇಲೆ ಪಳಗಿದ ಕಣ್ಣು ಜೂಲ್ ಜೊತೆಗಿದ್ದವು.

1847ರ ಜೂನ್‌ನಲ್ಲಿ ಆಕ್ಸ್‌ಫರ್ಡ್ ಸಭೆಯಲ್ಲಿ ಗಾಳಿ ತಿರುಗಿತು. ಅಲ್ಲಿ 22 ವರ್ಷದ ಇನ್ನೊಬ್ಬ ಯುವಕ ಕುಳಿತು ಕೇಳುತ್ತಿದ್ದರು. ಅವರೇ ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್. ಮೊದಲು ಅನುಮಾನಪಟ್ಟ ಥಾಮ್ಸನ್ ನಂತರ ಜೂಲ್‌ರ ಗೆಳೆಯರಾದರು. ಇಬ್ಬರೂ ಸೇರಿ 1852ರಿಂದ ಹತ್ತು ವರ್ಷ ಮಾಡಿದ ಪ್ರಯೋಗಗಳಿಂದ, ಒತ್ತಡದಲ್ಲಿದ್ದ ಅನಿಲ ಸಣ್ಣ ಕಿಂಡಿಯಿಂದ ಹಿಗ್ಗಿ ಹೊರಬಂದಾಗ ತಣ್ಣಗಾಗುವ ಗುಣ ತಿಳಿಯಿತು. ಗಾಳಿಯನ್ನೇ ತಣಿಸಿ ದ್ರವ ಮಾಡುವ ತಂತ್ರ ಮುಂದೆ ಹುಟ್ಟಿದ್ದು ಇದರಿಂದ.

ಜಲಪಾತದ ಬಳಿ ಮದುಮಗ

ಅದೇ 1847ರ ಆಗಸ್ಟಿನಲ್ಲಿ ಜೂಲ್ ಅಮೇಲಿಯಾ ಗ್ರೈಮ್ಸ್ ಅವರನ್ನು ಮದುವೆಯಾದರು. ಮಧುಚಂದ್ರಕ್ಕೆ ಆಲ್ಪ್ಸ್ ಬೆಟ್ಟಗಳ ಕಡೆ ಹೋದರು. ಅಲ್ಲಿ ನಡೆದುಹೋಗುತ್ತಿದ್ದ ಥಾಮ್ಸನ್‌ಗೆ ದಾರಿಯಲ್ಲಿ ಜೂಲ್ ಎದುರಾದರಂತೆ, ಕೈಯಲ್ಲಿ ಉದ್ದದ ಥರ್ಮಾಮೀಟರ್ ಇತ್ತಂತೆ. ಜಲಪಾತದ ತುದಿಗಿಂತ ಬುಡದಲ್ಲಿ ನೀರು ಬೆಚ್ಚಗಿದೆಯೇ ಎಂದು ನೋಡುವ ಉದ್ದೇಶ. ಈ ಕಥೆಯನ್ನು ಥಾಮ್ಸನ್ ಬಹಳ ವರ್ಷಗಳ ನಂತರ ಹೇಳಿದ್ದು, ಥರ್ಮಾಮೀಟರಿನ ಭಾಗ ಸ್ವಲ್ಪ ಉಪ್ಪುಖಾರ ಹಚ್ಚಿದ್ದಿರಬಹುದು ಎಂದು ಇತಿಹಾಸಕಾರರ ಅನುಮಾನ. ಸಾಲಂಶ್ ಎಂಬಲ್ಲಿನ ಜಲಪಾತದಲ್ಲಿ ಅಳೆಯಲು ಪ್ರಯತ್ನಿಸಿದ್ದೂ ನಿಜ, ನೀರು ತುಂತುರಾಗಿ ಚೆಲ್ಲಾಡುತ್ತಿದ್ದುದರಿಂದ ಅದು ಕೈಗೂಡದೆ ಹೋದದ್ದೂ ನಿಜ.

ಬೆಳಗಾವಿ ಜಿಲ್ಲೆಯದೇ ಆದ ಗೋಕಾಕ ಜಲಪಾತಕ್ಕೆ ಜೂಲ್ ಲೆಕ್ಕ ಹಾಕಿ ನೋಡೋಣ. ಅಲ್ಲಿ ಘಟಪ್ರಭಾ ಧುಮುಕುವುದು ಸುಮಾರು 52 ಮೀಟರ್. ಆ ಬೀಳುವ ಶಕ್ತಿಯೆಲ್ಲ ಶಾಖವಾಗಿ ನೀರಿನಲ್ಲೇ ಉಳಿದರೆ ಉಷ್ಣತೆ ಏರುವುದು ಸುಮಾರು 0.12 ಡಿಗ್ರಿ ಸೆಲ್ಸಿಯಸ್. 253 ಮೀಟರಿನ ಜೋಗದಲ್ಲೂ 0.6 ಡಿಗ್ರಿ ಮಾತ್ರ. ಮುರಗೋಡದ ಆಸುಪಾಸಿನವರು ಮಳೆಗಾಲದಲ್ಲಿ ಹೋಗುವ ಸೊಗಲದ ಜಲಪಾತದಲ್ಲಂತೂ ಏರಿಕೆ ಇನ್ನೂ ಕಡಿಮೆ. ಹಾಗಾಗಿ ಥರ್ಮಾಮೀಟರ್ ಹಿಡಿದು ಹೋಗಬೇಡಿ, ಕಾಲು ಜಾರೀತು.

ಗೋಕಾಕದ ಹತ್ತಿ ಗಿರಣಿ 1880ರ ದಶಕದಲ್ಲಿ ಯಂತ್ರ ತಿರುಗಿಸಲು ನೆಚ್ಚಿಕೊಂಡಿದ್ದು ಇದೇ ಬೀಳುವ ನೀರಿನ ಬಲವನ್ನು. ನೀರು ಬಿದ್ದು ಸುಮ್ಮನೆ ತುಸು ಬೆಚ್ಚಗಾಗುವ ಬದಲು, ಅದೇ ಶಕ್ತಿ ಮಗ್ಗಕ್ಕೆ ನೂಲು ಕೊಟ್ಟಿತು. ಶಕ್ತಿ ಮಾಯವಾಗುವುದಿಲ್ಲ, ರೂಪ ಬದಲಿಸುತ್ತದೆ ಅಂದರೆ ಇದೇ.

ಕೊನೆಯ ದಿನಗಳು

1850ರಲ್ಲಿ ಜೂಲ್ ತಮ್ಮ ಅಳತೆಗಳ ಫಲವನ್ನು ಪ್ರಕಟಿಸಿದರು. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು, ಒಂದು ಪೌಂಡ್ ಭಾರವನ್ನು ಸುಮಾರು 772 ಅಡಿ ಇಳಿಬಿಟ್ಟಷ್ಟು ಕೆಲಸ ಬೇಕು. ಆ ವರ್ಷವೇ ಒಮ್ಮೆ ತಿರಸ್ಕರಿಸಿದ್ದ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. 1870ರಲ್ಲಿ ತನ್ನ ಅತಿ ದೊಡ್ಡ ಗೌರವವಾದ ಕೋಪ್ಲಿ ಪದಕ ಕೊಟ್ಟಿತು.

ಮನೆಯೊಳಗಿನ ಬದುಕು ಮಾತ್ರ ಅಷ್ಟು ಸುಖದ್ದಾಗಿರಲಿಲ್ಲ. ಮದುವೆಯಾಗಿ ಏಳು ವರ್ಷಕ್ಕೆ, 1854ರಲ್ಲಿ, ಅಮೇಲಿಯಾ ತೀರಿಕೊಂಡರು. ಒಬ್ಬ ಮಗ, ಒಬ್ಬಳು ಮಗಳು ಉಳಿದರು. ಜೂಲ್ ಮತ್ತೆ ಮದುವೆಯಾಗಲಿಲ್ಲ. ಆ ಹೊತ್ತಿಗೇ ಬಿಯರ್ ಕಾರ್ಖಾನೆಯೂ ಮಾರಾಟವಾಯಿತು. ಪ್ರಯೋಗಗಳಿಗೆ ಸ್ವಂತ ಹಣ ಸುರಿಯುತ್ತಿದ್ದ ಶ್ರೀಮಂತ ಮನೆಯ ಮಗನಿಗೆ ವಯಸ್ಸಾದಾಗ ಕೈ ಬರಿದಾಯಿತು. 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಮಂಜೂರು ಮಾಡಿತು. ಅದೇ ವರ್ಷ, ಅರವತ್ತರ ಅಂಚಿನಲ್ಲಿ, ತಮ್ಮ ಹಳೆಯ ಅಂಕಿಯನ್ನು ಮತ್ತೊಮ್ಮೆ ಅಳೆದು ತಿದ್ದಿದರು: 772.55.

1882ರಲ್ಲಿ ವಿಲಿಯಂ ಸೀಮೆನ್ಸ್ ಒಂದು ಸಲಹೆ ಮುಂದಿಟ್ಟರು. ಒಂದು ಓಮ್ ತಡೆಯ ವೈರಿನಲ್ಲಿ ಒಂದು ಆಂಪಿಯರ್ ಕರೆಂಟು ಒಂದು ಸೆಕೆಂಡು ಹರಿದಾಗ ಹುಟ್ಟುವ ಶಾಖಕ್ಕೆ ಜೂಲ್ ಎಂದು ಹೆಸರಿಡೋಣ ಎಂದು. 1889ರ ಅಂತರರಾಷ್ಟ್ರೀಯ ಸಭೆ ಅದನ್ನು ಒಪ್ಪಿಕೊಂಡಿತು. ಆ ವರ್ಷದ ಅಕ್ಟೋಬರ್ 11ರಂದು ಸೇಲ್ ಎಂಬ ಊರಿನಲ್ಲಿ ಜೂಲ್ ಕೊನೆಯುಸಿರೆಳೆದರು. ಅವರ ಸಮಾಧಿ ಕಲ್ಲಿನ ಮೇಲೆ ಆ ಅಂಕಿಯನ್ನೇ ಕೆತ್ತಿದ್ದಾರೆ: 772.55.

ನಿಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. 2,000 ವ್ಯಾಟಿನ ಓವನ್ ಬಿಡದೆ ಅರ್ಧ ಗಂಟೆ ಉರಿದರೆ ಅಷ್ಟು ಖರ್ಚು.

ಶಿವನಸಮುದ್ರದ ಜಾಣ್ಮೆ

ಜೂಲ್ ತೀರಿಕೊಂಡ 13 ವರ್ಷಕ್ಕೆ, 1902ರಲ್ಲಿ, ನಮ್ಮ ನಾಡಿನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ಹುಟ್ಟಿಸಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕಳಿಸಿದರು. ಅಷ್ಟುದ್ದದ ವೈರು ಬಿಸಿಯಾಗಿ ಶಕ್ತಿಯೆಲ್ಲ ದಾರಿಯಲ್ಲೇ ಹೋಗಬೇಕಿತ್ತಲ್ಲ? ಅದಕ್ಕೆ ಉಪಾಯ ಜೂಲ್ ನಿಯಮದಲ್ಲೇ ಇತ್ತು. ವೋಲ್ಟೇಜ್ ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಕರೆಂಟು ಹತ್ತನೇ ಒಂದು ಭಾಗ ಸಾಕು, ಆಗ ವೈರಿನ ಶಾಖ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಸಾವಿರಾರು ವೋಲ್ಟಿಗೆ ಏರಿಸಿ ಕಳಿಸಿದರು.

ಮನೆಯೊಳಗೆ ವೋಲ್ಟೇಜ್ ಏರಿಸಲು ನಮ್ಮಿಂದಾಗದು. ನಮ್ಮ ಕೈಯಲ್ಲಿರುವುದು ವೈರಿನ ದಪ್ಪ ಮತ್ತು ಜಾಯಿಂಟಿನ ಬಿಗಿ ಮಾತ್ರ.

ನಂಬಬೇಡಿ: ನಾಲ್ಕು ಮಾತುಗಳು

ಮೊದಲನೆಯದು, ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ದೊಡ್ಡದು ಹಾಕಿಸಿದರೆ ಸರಿಹೋಗುತ್ತದೆ ಅನ್ನುವುದು. ಇದು ತಪ್ಪು. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ಸಣ್ಣ ವೈರಿಗೆ ದೊಡ್ಡ ಎಂಸಿಬಿ ಹಾಕಿದರೆ, ಕಾವಲುಗಾರ ಏಳುವ ಮೊದಲೇ ವೈರು ಸುಡುತ್ತದೆ. ಹಳೆಯ ಕಟೌಟಿನಲ್ಲಿ ಫ್ಯೂಸ್ ತಂತಿಯ ಬದಲು ದಪ್ಪ ತಂತಿ ಸುತ್ತುವುದೂ ಇದೇ ತಪ್ಪು.

ಎರಡನೆಯದು, ಎಂಸಿಬಿ ಇದ್ದರೆ ಬೆಂಕಿ ಬೀಳುವುದೇ ಇಲ್ಲ ಅನ್ನುವುದು. ಇದು ಅರ್ಧ ಸತ್ಯ. ಸಡಿಲ ಜಾಯಿಂಟು ಕರೆಂಟನ್ನು ಹೆಚ್ಚಿಸುವುದಿಲ್ಲ, ತುಸು ಕಡಿಮೆಯೇ ಮಾಡುತ್ತದೆ. 13 ಆಂಪಿಯರ್ ಹರಿಯುವುದು 16 ಆಂಪಿಯರ್ ಎಂಸಿಬಿಗೆ ಸಹಜವಾಗಿಯೇ ಕಾಣುತ್ತದೆ. ಗೋಡೆಯೊಳಗೆ ಜಾಯಿಂಟು ಸುಡುತ್ತಿದ್ದರೂ ಅದು ಬೀಳುವುದಿಲ್ಲ.

ಮೂರನೆಯದು, ದಪ್ಪ ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿ ಸಣ್ಣ ಸಾಕೆಟ್ಟಿಗೆ ಹಾಕಬಹುದು ಅನ್ನುವುದು. ಪಿನ್ ದಪ್ಪ ಇರುವುದೇ ಸಣ್ಣ ಸಾಕೆಟ್ಟಿಗೆ ಹೋಗದಿರಲಿ ಎಂದು. 6 ಆಂಪಿಯರ್ ಸಾಕೆಟ್ಟಿನಲ್ಲಿ 13 ಆಂಪಿಯರ್ ಹರಿದರೆ ಅದು ತಡೆದುಕೊಳ್ಳಬೇಕಾದ ಶಾಖಕ್ಕಿಂತ ನಾಲ್ಕೂವರೆ ಪಟ್ಟಿಗೂ ಹೆಚ್ಚು. ಸುರುಳಿ ಸುತ್ತಿಟ್ಟ ಎಕ್ಸ್‌ಟೆನ್ಶನ್ ವೈರಂತೂ ಇನ್ನೂ ಅಪಾಯ, ಒಳಗಿನ ಶಾಖ ಹೊರಹೋಗಲು ದಾರಿಯೇ ಇರುವುದಿಲ್ಲ.

ನಾಲ್ಕನೆಯದು, ಅರ್ಥಿಂಗ್ ಇಲ್ಲದಿದ್ದರೂ ಓವನ್ ನಡೆಯುತ್ತದಲ್ಲ ಅನ್ನುವುದು. ನಡೆಯುತ್ತದೆ, ನಿಜ. ಆದರೆ ಒಳಗೆ ವೈರು ಸುಲಿದು ಲೋಹದ ಮೈಗೆ ತಾಗಿದ ದಿನ, ಒದ್ದೆ ಕೈಯಲ್ಲಿ ಬಾಗಿಲು ತೆರೆಯುವವರ ಮೈಯೇ ಅರ್ಥಿಂಗ್ ಆಗುತ್ತದೆ.

ಗಿಲಾವು ಮಾಡುವ ಮುನ್ನ

ಓವನ್ ಎಲ್ಲಿ ಬರುತ್ತದೆ ಎಂಬುದನ್ನು ಕಟ್ಟೆ ಹಾಕುವ ಮೊದಲೇ ತೀರ್ಮಾನಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಓವನ್ ಜೊತೆ ಬಂದ ಪುಸ್ತಕ ತೋರಿಸಿ. ನಂತರ ಈ ಸಂಗತಿಗಳನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ.

ಮೇನ್ ಬೋರ್ಡಿನಿಂದ ಓವನ್ನಿನ ತನಕ ಪ್ರತ್ಯೇಕ ವೈರು, ನಡುವೆ ಜಾಯಿಂಟು ಇಲ್ಲದೆ ಬರಬೇಕು. ಸಾಮಾನ್ಯವಾಗಿ 16 ಆಂಪಿಯರ್ ಪಾಯಿಂಟಿಗೆ 2.5 ಚದರ ಮಿಲಿಮೀಟರ್ ತಾಮ್ರ, ದೊಡ್ಡ ಓವನ್ ಅಥವಾ ದೂರದ ದಾರಿಗೆ 4 ಚದರ ಮಿಲಿಮೀಟರ್ ಹಾಕುತ್ತಾರೆ. ಎಂಸಿಬಿ ಆ ವೈರಿಗೆ ತಕ್ಕದ್ದಿರಲಿ.

ಓವನ್ ಮತ್ತು ಇಂಡಕ್ಷನ್ ಒಲೆ ಒಂದೇ ವೈರಿನ ಮೇಲೆ ಬೇಡ. ಎರಡೂ 2,000 ವ್ಯಾಟಿನವಾದರೆ ಕರೆಂಟು ಎರಡು ಪಟ್ಟು, ಶಾಖ ನಾಲ್ಕು ಪಟ್ಟು.

ಜಾಯಿಂಟು ಅನಿವಾರ್ಯವಾದರೆ ಸ್ಕ್ರೂ ಕನೆಕ್ಟರ್ ಹಾಕಿ, ತೆರೆದು ನೋಡಬಹುದಾದ ಜಂಕ್ಷನ್ ಬಾಕ್ಸಿನಲ್ಲಿರಲಿ. ಗಿಲಾವಿನೊಳಗೆ ಮುಚ್ಚುವುದು ಬೇಡ. ಹಳೆಯ ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರು ತಿರುಚಿ ಕಟ್ಟುವುದಂತೂ ಬೇಡವೇ ಬೇಡ.

ಸ್ವಿಚ್ಚು ಓವನ್ನಿನ ಬೆನ್ನ ಹಿಂದೆ ಅಡಗದಿರಲಿ. ಹೊಗೆ ಕಂಡಾಗ ಕೈಗೆ ಸಿಗುವಂತೆ ಪಕ್ಕದಲ್ಲಿರಲಿ. ಸಿಂಕು ಮತ್ತು ಗ್ಯಾಸ್ ಒಲೆಯಿಂದ ದೂರವಿರಲಿ.

ಅರ್ಥಿಂಗ್ ಗುಂಡಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿ. ಶಾಕಿನಿಂದ ಕಾಯಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ಆ ಕೆಲಸ ಮಾಡುವುದಿಲ್ಲ.

ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಒಂದು ಓವನ್ ಎರಡು, ಮೂರು ಕಿಲೋವ್ಯಾಟ್ ಸೇರಿಸುತ್ತದೆ. ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಕೊಡಿ.

ಕೊನೆಗೆ, ಗಿಲಾವು ಬೀಳುವ ಮೊದಲು ಪೈಪು ಹಾಯ್ದ ದಾರಿಯ ಫೋಟೋ ನಿಮ್ಮ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವವರ ಪ್ರಾಣ ಅದು ಕಾಪಾಡಬಹುದು.

ಕೆಲಸ ಮುಗಿದ ಮೇಲೂ ಎಚ್ಚರವಿರಲಿ. ಪ್ಲಗ್ ಮುಟ್ಟಿದರೆ ಸುಡುವುದು, ಸಾಕೆಟ್ಟಿನ ಬಾಯಿ ಕಂದುಬಣ್ಣಕ್ಕೆ ತಿರುಗುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ, ಬೋರ್ಡಿನಿಂದ ಚಿರಚಿರ ಸದ್ದು: ಇವುಗಳಲ್ಲಿ ಒಂದು ಕಂಡರೂ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ವಿದ್ಯುತ್ತಿನ ಬೆಂಕಿಗೆ ನೀರು ಹಾಕಬೇಡಿ.

ಜೂಲ್ ಅರ್ಧ ಡಿಗ್ರಿ ಏರಿಕೆಯನ್ನೂ ಅಲಕ್ಷ್ಯ ಮಾಡಲಿಲ್ಲ. ಬೆಚ್ಚಗಾದ ಒಂದು ಸ್ವಿಚ್ಚನ್ನು ನಾವೂ ಅಲಕ್ಷ್ಯ ಮಾಡುವುದು ಬೇಡ. ನಿಮ್ಮ ಬಂಧುಬಳಗದಲ್ಲಿ ಯಾರ ಮನೆಯಲ್ಲಾದರೂ ಅಡುಗೆಮನೆ ಕೆಲಸ ನಡೆದಿದ್ದರೆ, ಗೌಂಡಿ ಗಿಲಾವು ಕಲೆಸುವ ಮೊದಲೇ ಇದನ್ನು ಅವರಿಗೆ ಕಳಿಸಿ.